ಹೆಲ್ಮೆಟ್ ಮುಟ್ಟಿ ಒಳಗೆ ಬಾ

ಅಕ್ಟೋಬರ್ ತಿಂಗಳ ಶನಿವಾರ. ಅಯೋವಾ ಸಿಟಿಯ ಹಳೆಯ ಶಾಸನಭವನದ ಚಿನ್ನದ ಗುಮ್ಮಟ ನಮ್ಮ ಬೆನ್ನ ಹಿಂದೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿದೆ. ಇಳಿಜಾರಿನಲ್ಲಿ ನಡೆದು ನದಿಯ ಸೇತುವೆ ದಾಟುತ್ತೇವೆ. ಮೇಪಲ್ ಮರಗಳಿಗೆ ಯಾರೋ ಕುಂಕುಮ ಎರಚಿದ ಹಾಗಿದೆ. ಜನರದ್ದು ಮಾತ್ರ ಎರಡೇ ಬಣ್ಣ: ತಳ್ಳುಗಾಡಿಯ ಕೂಸಿನಿಂದ ಕೋಲೂರಿದ ಅಜ್ಜಿಯವರೆಗೆ ಎಲ್ಲರೂ ಇಲ್ಲಿನ ಫುಟ್‌ಬಾಲ್ ತಂಡದ ಕಪ್ಪು-ಹಳದಿ. ದೂರದಲ್ಲಿ ಡೋಲು, ತುತ್ತೂರಿ. ದಾರಿಯುದ್ದಕ್ಕೂ ಕೆಂಡದ ಮೇಲೆ ಬೇಯುವ ಮಾಂಸದ ಹೊಗೆ. ನಮ್ಮೂರ ತೇರಿನ ದಿನವೇ ಇದು!

ಇಲ್ಲೇ ಓದುವ ಅಕ್ಕನ ಮಗಳು ತೋಳು ಹಿಡಿದೆಳೆಯುತ್ತಾಳೆ. "ಚಿಕ್ಕಮ್ಮ, ಒಳಗೆ ಆಮೇಲೆ ಹೋಗೋಣ. ಮೊದಲು ಇವನನ್ನ ನೋಡು."

ಕ್ರೀಡಾಂಗಣದ ಎದುರು ಕಂಚಿನ ಯುವಕ. ಪೈಲಟ್ ಸಮವಸ್ತ್ರವಿಲ್ಲ, ಆಟದ ಅಂಗಿಯೂ ಇಲ್ಲ. ಪುಸ್ತಕ ಹಿಡಿದು ತರಗತಿಗೆ ಹೊರಟವನಂತೆ ನಿಂತಿದ್ದಾನೆ. ಆಟದ ಹೆಲ್ಮೆಟ್ ಕಾಲ ಬಳಿ ಇದೆ. ಗರಡಿಗೆ ಕಾಲಿಡುವ ಪೈಲ್ವಾನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ ಪಂದ್ಯದ ದಿನ ಆಟಗಾರರು ಇದನ್ನು ಮುಟ್ಟಿ ಒಳಗೆ ಹೋಗುತ್ತಾರೆ. ಅಜ್ಜನೊಬ್ಬ ಮೊಮ್ಮಗನನ್ನು ಎತ್ತಿ ಅದರ ಮೇಲೆ ಕೈ ಇಡಿಸುತ್ತಾನೆ. ನಾನೂ ಕೈ ಚಾಚುತ್ತೇನೆ. ಬಿಸಿಲಿದ್ದರೂ ಕಂಚು ತಣ್ಣಗಿದೆ. ಇವನನ್ನು ವಿದ್ಯಾರ್ಥಿಯಾಗಿಯೇ ನಿಲ್ಲಿಸಿದ ಶಿಲ್ಪಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇವನು ನೈಲ್ ಕಿನ್ನಿಕ್. 1939ರಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದವನು. ಅದನ್ನು ಪಡೆದ ದಿನ, ತಾನು ಯುರೋಪಿನ ರಣರಂಗದಲ್ಲಿಲ್ಲದೆ ಇಲ್ಲಿ ಆಡಿಕೊಂಡಿರುವುದಕ್ಕೆ ದೇವರನ್ನು ನೆನೆದಿದ್ದ. 1940ರಲ್ಲಿ ಪದವಿ, ಆಮೇಲೆ ಒಂದು ವರ್ಷ ಕಾನೂನಿನ ಓದು. 1941ರ ಡಿಸೆಂಬರ್ 4ರಂದು ನೌಕಾಪಡೆಯ ವಿಮಾನ ಸೇವೆಗೆ ಸೇರಿದ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದದ್ದು ಮೂರೇ ದಿನಕ್ಕೆ.

1943ರ ಜೂನ್ 2. ವೆನೆಜುವೆಲಾ ಕರಾವಳಿಯಾಚೆ ತರಬೇತಿ ಹಾರಾಟ. ಅವನ ವೈಲ್ಡ್‌ಕ್ಯಾಟ್ ವಿಮಾನದಿಂದ ಎಣ್ಣೆ ಸೋರತೊಡಗಿತು. ಕೆಳಗೆ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ಹಡಗಿನ ಅಟ್ಟದ ತುಂಬ ಹಾರಲು ಸಜ್ಜಾದ ವಿಮಾನಗಳು. ಅಲ್ಲಿ ಇಳಿಯದೆ ಸುಮಾರು ನಾಲ್ಕು ಮೈಲಿ ದೂರದಲ್ಲಿ ಸಮುದ್ರಕ್ಕೇ ಇಳಿಸಿದ. ಎಂಟು ನಿಮಿಷದಲ್ಲಿ ದೋಣಿ ಬಂತು. ನೀರ ಮೇಲೆ ಎಣ್ಣೆಯ ಪದರ ಮಾತ್ರ ತೇಲುತ್ತಿತ್ತು. ಅವನ ಅಂಗಿಯ ಸಂಖ್ಯೆ 24, ವಯಸ್ಸೂ 24. ಮರುವರ್ಷ ತಮ್ಮ ಬೆನ್ ಕೂಡ ಯುದ್ಧದಲ್ಲಿ ವಿಮಾನ ಹಾರಿಸುತ್ತಲೇ ಹೋದ. ಆ ಮನೆಯ ತಾಯಿಯನ್ನು ನೆನೆದರೆ ನನಗೆ ಮಾತು ಹೊರಡುವುದಿಲ್ಲ.

ಒಳಗೆ ಹೋಗುವ ದಾರಿಯಲ್ಲಿ ದೊಡ್ಡ ಉಬ್ಬುಶಿಲ್ಪ. ನಾಟರ್ ಡೇಮ್ ತಂಡವನ್ನು ಅಯೋವಾ ತಂಡ 7-6ರಿಂದ ಸೋಲಿಸಿದ ದಿನದ ಓಟ ಅದರಲ್ಲಿದೆ. ಚೆಂಡನ್ನಪ್ಪಿ ನುಗ್ಗುತ್ತಿರುವವನು ಕಿನ್ನಿಕ್. ಮೆಟ್ಟಿಲೇರಿದರೆ ಕಣ್ಣು ತುಂಬುವ ಹಸಿರು, ಸುತ್ತ ಸುಮಾರು ಎಪ್ಪತ್ತು ಸಾವಿರ ಜನರ ಗದ್ದಲ. 1972ರಿಂದ ಈ ಕ್ರೀಡಾಂಗಣಕ್ಕೆ ಅವನದೇ ಹೆಸರು.

ನಾಯಕರಿಬ್ಬರೂ ನಡುಅಂಗಳಕ್ಕೆ ಬರುತ್ತಾರೆ. ರೆಫರಿ ನಾಣ್ಯ ಚಿಮ್ಮುತ್ತಾನೆ. "ಚಿಕ್ಕಮ್ಮ, ನಮ್ಮ ಬಿಗ್ ಟೆನ್ ಕೂಟದ ಪಂದ್ಯ ಎಲ್ಲೇ ನಡೆದರೂ ಇದೇ ನಾಣ್ಯ" ಅನ್ನುತ್ತಾಳೆ ಅಕ್ಕನ ಮಗಳು. ಅದರ ಮೇಲಿರುವುದು ಕಿನ್ನಿಕ್‌ನ ಮುಖ.