ಉಣುಗೋಲಿನಾಚೆ ನಿಂತವಳು

ಜೂನ್ 18, 2021. ಶುಕ್ರವಾರ ಬೆಳಿಗ್ಗೆ ಸಾಗರದ ಸರ್ಕಾರಿ ಆಸ್ಪತ್ರೆಯ ಮಾಡಿನಡಿ ನಿಂತಿದ್ದೀರಿ. ಮಳೆ ಹಿಡಿದುಕೊಂಡಿದೆ. ಮಡಿಸಿದ ಛತ್ರಿಯ ತುದಿಯಿಂದ ನೀರು ಇಳಿದು ನಿಮ್ಮ ಕಾಲ ಬಳಿ ಹೊಂಡವಾಗುತ್ತಿದೆ. ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ಕೋವಿಡ್ ಲಾಕ್‌ಡೌನ್ ಸಡಿಲಾಗಿ ನಾಲ್ಕು ದಿನ ಕಳೆದಿದೆ. ಬಿಡುಗಡೆ ಸಿಗದ 11 ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು.

ಒಳಗಿನಿಂದ ಬಂದ ವೈದ್ಯರ ತೋಳಿನ ಮೇಲೆ ಕಪ್ಪು ಪಟ್ಟಿ. ಗೋಡೆಗೊರಗಿ ಕೂತ ಅಜ್ಜಿಗೆ ಗಾಬರಿ. "ಎಂತ ಆಯ್ತು ಡಾಕ್ಟ್ರೇ, ಯಾರು ಹೋದ್ರು?"

ಯಾರೂ ಹೋಗಿಲ್ಲ. ಭಾರತೀಯ ವೈದ್ಯಕೀಯ ಸಂಘ ಇವತ್ತು ದೇಶದಾದ್ಯಂತ ಪ್ರತಿಭಟನೆಗೆ ಕರೆ ಕೊಟ್ಟಿದೆ. ಉಳಿಸುವವರನ್ನು ಉಳಿಸಿ ಎಂಬುದಷ್ಟೇ ಬೇಡಿಕೆ. ಆದರೆ ಈ ಕಪ್ಪು ಪಟ್ಟಿಯ ಕಾರಣ ಹುಡುಕಿ ದಿಲ್ಲಿಗೆ ಹೋಗಬೇಕಿಲ್ಲ. ಮೇ ಕೊನೆಯ ದಿನ ಪಕ್ಕದ ಜಿಲ್ಲೆಯ ತರೀಕೆರೆಯಲ್ಲಿ, ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳ ವೈದ್ಯರೊಬ್ಬರನ್ನು ದಾರಿಯಲ್ಲೇ ಅಡ್ಡಗಟ್ಟಿ ಮಚ್ಚಿನಿಂದ ಹೊಡೆದರು. ಅವರು ನೋಡಿದ್ದ ಮಗುವೊಂದು ತೀರಿಹೋಗಿತ್ತು. ಆ ಸಿಟ್ಟು.

ಸಾಗರದಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರದ ದಾರಿ ಹಿಡಿಯಿರಿ. ಡಾಂಬರು ಮುಗಿದಲ್ಲಿ ಇಳಿದು, ಒಬ್ಬ ಆಶಾ ಕಾರ್ಯಕರ್ತೆಯ ಹಿಂದೆ ನಡೆಯಿರಿ. ಗುಲಾಬಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿದ್ದಾಳೆ. ಹೆಗಲ ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಜಿಸ್ಟರು, ಜ್ವರದ ಮಾತ್ರೆ, ಆಕ್ಸಿಮೀಟರು. ಅಡಕೆಮರದ ಸಂಕ ದಾಟುವಾಗ ಕೆಳಗೆ ಹಳ್ಳ ಕೆಂಪಗೆ ಸುತ್ತುತ್ತಿದೆ. ದಾಟಿದ ಮೇಲೆ ನಿಂತು, ಬೆರಳ ಸಂದಿಗೆ ಕಚ್ಚಿದ ಇಂಬಳ ಕಿತ್ತು ಎಸೆದು ಮತ್ತೆ ನಡೆಯುತ್ತಾಳೆ. ಬಯಲುಸೀಮೆಯಲ್ಲಿ ಒಂದು ಬೀದಿಯಲ್ಲಿ ಸಿಗುವಷ್ಟು ಮನೆ ಇಲ್ಲಿ ನಾಲ್ಕು ಗುಡ್ಡ ಹತ್ತಿಳಿದರೆ ಸಿಗುತ್ತವೆ.

ಅಂಗಳದ ಬಾಯಿಗೆ ಗಳು ಸರಿಸಿ ಮುಚ್ಚುವ ಉಣುಗೋಲಿನ ಆಚೆ ನಿಂತು ಕೂಗುತ್ತಾಳೆ. ಮೊದಲು ಉತ್ತರ ಕೊಡುವುದು ನಾಯಿ. ಆಮೇಲೆ ಜಗಲಿಯಿಂದ ಗಂಡಸಿನ ದನಿ: "ನಮ್ಮನೇಲಿ ಯಾರಿಗೂ ಎಂತದೂ ಇಲ್ಲ. ಬರೂದು ಬ್ಯಾಡ."

ಒಳಗೆ ಯಾರೋ ಕೆಮ್ಮುವುದು ನಿಮಗೂ ಕೇಳುತ್ತದೆ.

ಆ ಗಂಡಸಿಗಿರುವುದು ಭಯ. ಹೆಸರು ಬರೆಸಿದರೆ ಮನೆ ಸೀಲ್ ಆಗುತ್ತದೆ, ಹಾಲು ಹಾಕಲು ಬಿಡುವುದಿಲ್ಲ, ಆಂಬುಲೆನ್ಸ್ ಹತ್ತಿದ ಅಪ್ಪ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಚೀಲದಲ್ಲಿ ಸುತ್ತಿಕೊಂಡು ಬಂದರೆ ಮುಖವನ್ನೂ ನೋಡುವಂತಿಲ್ಲ. ಈ ಭಯ ನನಗೆ ಅರ್ಥವಾಗುತ್ತದೆ. ಅದರ ಪೆಟ್ಟೆಲ್ಲ ಉಣುಗೋಲಿನಾಚೆ ಒದ್ದೆಯಾಗಿ ನಿಂತವಳ ಮೇಲೆ ಬೀಳುವುದನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ 2020ರ ಏಪ್ರಿಲ್ 2ರಂದು ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಗುಂಪು ಸುತ್ತುವರಿದು ಫೋನು, ಚೀಲ ಕಿತ್ತುಕೊಂಡಿತ್ತು. ಅದು ರಾಜ್ಯಕ್ಕೆಲ್ಲ ಗೊತ್ತಾಯಿತು. ಈ ಅಂಗಳದಲ್ಲಿ ನಾಯಿ ಛೂಬಿಟ್ಟರೆ, ಬಾಯಿಗೆ ಬಂದಂತೆ ಬೈದರೆ, ಕತ್ತಿ ಎತ್ತಿದರೆ ನೋಡುವವರು ಯಾರು? ಮುಂದಿನ ಮನೆ ಇನ್ನೊಂದು ಗುಡ್ಡದಾಚೆ.

ಅವಳು ವಾದ ಮಾಡುವುದಿಲ್ಲ. "ಕಳೆದ ಸಲ ಎಣ್ಣೆ ತಂದುಕೊಟ್ಟವಳು ನಾನೇ ಅಲ್ದಾ?" ಎನ್ನುತ್ತಾಳೆ. ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಈ ಸೀಮೆಗೆ ರೋಗದ ಭಯ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ, ಆ ಉಣುಗು ಹರಡುವ ಮಂಗನಕಾಯಿಲೆ ಇಲ್ಲಿಯೇ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಬಿದ್ದಾಗ ಮಣಿಪಾಲಕ್ಕೆ ಆಂಬುಲೆನ್ಸುಗಳು ಓಡಿದವು. ಆಗಲೂ ಸತ್ತ ಮಂಗ ಎಲ್ಲಿದೆ, ಜ್ವರ ಯಾರಿಗಿದೆ ಎಂದು ಮನೆಮನೆ ಸುತ್ತಿದವರಲ್ಲಿ ಇಂಥ ಹೆಂಗಸರೇ ಇದ್ದರು. 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೊಡಿ ಎಂದು ಮುಷ್ಕರ ಹೂಡಿದವರೂ ಇವರೇ.

ಜಗಲಿಯ ದನಿ ಸ್ವಲ್ಪ ಹೊತ್ತು ಸುಮ್ಮನಿದೆ. ಬಳಿಕ ನಾಯಿಯನ್ನು ಕಟ್ಟುವ ಸರಪಳಿಯ ಸದ್ದು. ಉಣುಗೋಲಿನ ಒಂದು ಗಳು ಸರಿಯುತ್ತದೆ. ಕೆಮ್ಮುತ್ತಿದ್ದ ಮುದುಕನ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ ಅವಳು ಕಾಯುತ್ತಾಳೆ. 88.

ಸಂಜೆ ತೀರ್ಥಹಳ್ಳಿಗೆ ಬನ್ನಿ. ಜೆ.ಸಿ. ಆಸ್ಪತ್ರೆಯ ಮುಂದೆ ಆಂಬುಲೆನ್ಸ್ ಹಿಂಬಾಗಿಲು ತೆರೆದು ನಿಂತಿದೆ. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು, ಮಳೆ, ತಿರುವು. ಮಗನೊಬ್ಬ ನರ್ಸಿನ ಮುಖಕ್ಕೇ ಕೈಚಾಚಿ ಕೂಗುತ್ತಿದ್ದಾನೆ: "ಎಂತ ಆಗಿದೆ ಅಂತ ಒಬ್ರಾದ್ರೂ ಹೇಳಿ!" ಕೈ ಇನ್ನೂ ಗಾಳಿಯಲ್ಲಿದೆ. 2020ರ ಜುಲೈಯಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಎದುರು, ಕೋವಿಡ್‌ನಿಂದ ಸತ್ತ ರೋಗಿಯ ಕಡೆಯವರು ಆಂಬುಲೆನ್ಸಿಗೇ ಬೆಂಕಿ ಹಚ್ಚಿದ್ದರು. ಮರುದಿನ ಇನ್ಯಾರದೋ ಅಪ್ಪನನ್ನು ಕರೆದೊಯ್ಯಬೇಕಿದ್ದ ಗಾಡಿ ಅದು.

ವೈದ್ಯೆ ಬರುತ್ತಾಳೆ. ಮಗನನ್ನು ಪಕ್ಕಕ್ಕೆ ಕರೆದು, ಮಾಸ್ಕಿನೊಳಗಿನಿಂದಲೇ ನಿಧಾನವಾಗಿ ಹೇಳುತ್ತಾಳೆ: ಆಕ್ಸಿಜನ್ ಎಷ್ಟಿದೆ, ಇಲ್ಲಿ ಏನಿಲ್ಲ, ಅಲ್ಲಿ ಏನಿದೆ, ಏನಾಗಬಹುದು. ಎರಡು ನಿಮಿಷ. ಕೈ ಕೆಳಗಿಳಿಯುತ್ತದೆ. ದಿನಕ್ಕೆ ನೂರಾರು ರೋಗಿಗಳಿರುವಲ್ಲಿ ಆ ಎರಡು ನಿಮಿಷ ಸಿಗುವಷ್ಟು ಜನರನ್ನು ನೇಮಿಸುವುದು ಸರ್ಕಾರದ ಹೊಣೆ.

ಕಾನೂನು ಇದೆ. ರಾಜ್ಯದ 2009ರ ಕಾಯ್ದೆಯಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದರೆ 3 ವರ್ಷದವರೆಗೆ ಜೈಲು. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ತೀವ್ರ ಗಾಯಕ್ಕೆ 7 ವರ್ಷದವರೆಗೆ ಶಿಕ್ಷೆ ಇಟ್ಟಿತು. ಇದೆಲ್ಲ ಪೆಟ್ಟು ಬಿದ್ದ ಮೇಲಿನ ಮಾತು.

ಕತ್ತಲಾಗುತ್ತಿದೆ. ಶರಾವತಿ ಹುಟ್ಟುವ ಅಂಬುತೀರ್ಥ ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಅದೇ ನೀರು ಹೊಸನಗರ ಹಾದು ಸಾಗರಕ್ಕೆ ಬರುತ್ತದೆ. ಮೂರೂ ತಾಲ್ಲೂಕಿನ ಗುಡ್ಡಗಳಲ್ಲಿ ಈಗ ಎಷ್ಟೋ ಗುಲಾಬಿ ಸೀರೆಗಳು ಒದ್ದೆಯಾಗಿ ಮನೆಗೆ ಮರಳುತ್ತಿವೆ. ನಾಳೆ ನಿಮ್ಮ ಉಣುಗೋಲಿನಾಚೆ ಅವಳು ನಿಂತರೆ ಮೊದಲು ನಾಯಿ ಕಟ್ಟಿ. ಮುಂದಿನ ಒಂಟಿಮನೆಯ ತನಕ ನಿಮ್ಮಲ್ಲೊಬ್ಬರು ಅವಳ ಜೊತೆ ನಡೆಯಿರಿ.