ಗೋ ಆಟಕ್ಕೊಂದು ದಾಳ

ಗೋ ಅಂದರೆ ಇಲ್ಲಿ ಹಸುವಲ್ಲ, ಆಟ. ಚೀನಾದಲ್ಲಿ ಹುಟ್ಟಿ ಜಪಾನ್, ಕೊರಿಯಾಗಳಲ್ಲಿ ಬೆಳೆದ, ಎರಡು ಸಾವಿರ ವರ್ಷಕ್ಕೂ ಹಳೆಯ ಮಣೆಯಾಟ. ಅಡ್ಡ 19 ಗೆರೆ, ಉದ್ದ 19 ಗೆರೆ, ಅವು ಕೂಡುವ ಕಡೆ 361 ಬಿಂದು. ಒಬ್ಬರಿಗೆ ಕಪ್ಪು ಕಲ್ಲು, ಇನ್ನೊಬ್ಬರಿಗೆ ಬಿಳಿ. ಸರದಿಗೊಂದು ಕಲ್ಲಿಟ್ಟು ಜಾಗಕ್ಕೆ ಬೇಲಿ ಹಾಕ್ತಾ ಹೋಗಬೇಕು. ಕಲ್ಲಿಗೆ ತಾಗಿದ ಖಾಲಿ ಬಿಂದುಗಳೇ ಅದರ ಉಸಿರು. ಉಸಿರೆಲ್ಲ ಮುಚ್ಚಿಹೋದರೆ ಕಲ್ಲು ಎದುರಾಳಿಯ ಪಾಲು.

ಇದರಲ್ಲಿ ಅದೃಷ್ಟಕ್ಕಿರುವ ಜಾಗ ಒಂದೇ: ಕಪ್ಪು ಯಾರಿಗೆ ಅನ್ನೋದು. ಒಬ್ಬರು ಮುಷ್ಟಿಯಲ್ಲಿ ಕಲ್ಲು ಹಿಡೀತಾರೆ, ಇನ್ನೊಬ್ಬರು ಸರಿಯೋ ಬೆಸವೋ ಹೇಳಬೇಕು. ಆಮೇಲೆ ಆಗೋದೆಲ್ಲ ನೀವೇ ಮಾಡಿಕೊಂಡಿದ್ದು.

ನನ್ನ ಹೆಂಡತಿ ಆಟ ಬಿಟ್ಟಿದ್ದು ಇದೇ ಕಾರಣಕ್ಕೆ. ಚಿಕ್ಕ 9×9 ಮಣೆಯಲ್ಲಿ ಸಾಲಾಗಿ ಸೋತ ಮೇಲೆ, "ಚೌಕಾಬಾರದಲ್ಲಾದ್ರೆ ಕವಡೆನಾದ್ರೂ ಬೈಬಹುದು. ಇಲ್ಲಿ ನನ್ನನ್ನೇ ಬೈಕೋಬೇಕು. ಅದಕ್ಕೆ ಆಫೀಸ್ ಸಾಕು" ಅಂದಳು. ಸರಿ, ಇದಕ್ಕೂ ದಾಳ ಸೇರಿಸೋಣ ಅಂದೆ.

ಮೊದಲ ನಿಯಮ: ಕಲ್ಲಿಟ್ಟು ದಾಳ ಉರುಳಿಸೋದು, 1 ಬಿದ್ದರೆ ಇಟ್ಟ ಕಲ್ಲು ವಾಪಸ್. ಆರರಲ್ಲಿ ಒಂದು ತಾನೇ ಅನ್ಸತ್ತೆ. ಆದರೆ ಹತ್ತು ನಡೆಗಳಲ್ಲಿ ಒಂದೂ ತಪ್ಪದೆ ನಿಲ್ಲುವ ಸಾಧ್ಯತೆ ಸುಮಾರು ಶೇ 16 ಮಾತ್ರ. ತುಂಬಾ ಯೋಚಿಸಿ ಇಟ್ಟವರಿಗೂ ಸುಮ್ಮನೆ ಇಟ್ಟವರಿಗೂ ಒಂದೇ ಏಟು. ಎರಡೇ ಆಟಕ್ಕೆ ಇಬ್ಬರಿಗೂ ಸಾಕಾಯ್ತು.

ಎರಡನೇ ನಿಯಮ: ಮೊದಲು ದಾಳ, ಆಮೇಲೆ ಕಲ್ಲು. 6 ಬಿದ್ದರೆ ಒಂದಾದ ಮೇಲೊಂದು ಎರಡು ಕಲ್ಲು. ಇದು ಚೌಕಾಬಾರದ ಕ್ರಮ. ಅಲ್ಲಿ ಗರ ಬೀಳೋದು ಮೊದಲು, ಯಾವ ಕಾಯಿ ನಡೆಸೋದು ಅನ್ನೋ ಯೋಚನೆ ಆಮೇಲೆ. ಬಿದ್ದದ್ದನ್ನು ಹೇಗೆ ಬಳಸ್ತೀರಿ ಅನ್ನೋದು ನಿಮ್ಮ ಕೈಲೇ ಇರತ್ತೆ. ಗೋ ಬದಲಾಯ್ತು, ಆದರೆ ಹಾಳಾಗಲಿಲ್ಲ. ಎರಡೇ ಉಸಿರಿರುವ ಗುಂಪು ಈಗ ಒಂದೇ ಸರದಿಯಲ್ಲಿ ಸಾಯಬಹುದು, ಹಾಗಾಗಿ ಮೂರು ಉಳಿಸ್ಕೋಬೇಕು. ಒಳಗೆ ಎರಡು ಬೇರೆ ಬೇರೆ ಕಣ್ಣಿರುವ ಗುಂಪು ಮಾತ್ರ ಆಗಲೂ ಸಾಯಲ್ಲ. ಯಾಕಂದ್ರೆ ಮೊದಲ ಕಣ್ಣಿಗೆ ಹಾಕುವ ಕಲ್ಲಿಗೇ ಉಸಿರಿಲ್ಲ, ಅಂಥ ನಡೆಗೆ ನಿಯಮ ಒಪ್ಪಲ್ಲ.

ಗೋ ಆಡೋ ಪ್ರೋಗ್ರಾಂಗಳು ಅದೃಷ್ಟವನ್ನು ಬಳಸಿದ್ದೂ ನಿರ್ಧಾರಕ್ಕೆ ಮುಂಚೆಯೇ. ರೆಮಿ ಕೂಲೋಂ ಬರೆದ ಕ್ರೇಜಿ ಸ್ಟೋನ್ ಸಾವಿರಾರು ಆಟಗಳನ್ನು ತನ್ನೊಳಗೇ ಮನಬಂದಂತೆ ಕೊನೆವರೆಗೂ ಆಡಿ ನೋಡ್ತಿತ್ತು. ಯಾವ ನಡೆಯಿಂದ ಹೆಚ್ಚು ಗೆಲುವು ಬಂತು ಅಂತ ಎಣಿಸಿ, ಆಮೇಲೆ ಒಂದು ಕಲ್ಲು ಇಡ್ತಿತ್ತು. 2016ರಲ್ಲಿ ಲೀ ಸೆಡಾಲ್‌ರನ್ನು 4-1ರಿಂದ ಸೋಲಿಸಿದ ಆಲ್ಫಾಗೋ, ಇದೇ ಹುಡುಕಾಟದ ದಾರಿಗೆ ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡಿತ್ತು. ದಾಳವೆಲ್ಲ ಅದರ ತಲೆಯೊಳಗೆ, ಮಣೆ ಮೇಲೆ ಕಲ್ಲು ಮಾತ್ರ.

ಎರಡನೇ ನಿಯಮದಲ್ಲಿ ನಾಲ್ಕನೇ ಆಟ ನನ್ನ ಹೆಂಡತಿ ಗೆದ್ದಳು. ಬೇಕಾದ ಹೊತ್ತಿಗೆ ಎರಡು ಸಲ 6 ಬಿತ್ತು. ನನಗಂತೂ ಖುಷಿಯಾಯ್ತು. ಅವಳ ಮುಖ ಮಾತ್ರ ಅರಳಲಿಲ್ಲ. "ಬೈಯೋಕೆ ದಾಳ ಸಿಕ್ತು, ಸರಿ. ಈಗ ನಾನು ಗೆದ್ದೆ ಅಂತ ಹೇಳ್ಕೊಳ್ಳೋಕೆ ಏನೂ ಉಳೀಲಿಲ್ವಲ್ಲ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ದಾಳ ಸೋಲಿನಲ್ಲಿ ಪಾಲು ತಗೊಂಡು ಸುಮ್ಮನಿರಲ್ಲ, ಗೆಲುವಿನಲ್ಲೂ ಪಾಲು ಕೇಳತ್ತೆ. ಗೋ ಆಟದ ಹಳೆಯ ಪದ್ಧತಿಯಲ್ಲಿ ಇದಕ್ಕೆ ಬೇರೆಯೇ ಉತ್ತರ ಇದೆ. ಕಲಿಯುತ್ತಿರುವವರಿಗೆ ಎರಡರಿಂದ ಒಂಬತ್ತು ಕಲ್ಲನ್ನು ಆಟಕ್ಕೆ ಮೊದಲೇ ಮಣೆ ಮೇಲೆ ಇಟ್ಟುಕೊಡೋದು. ಎಷ್ಟು ಸಹಾಯ ಸಿಕ್ತು ಅನ್ನೋದು ಇಬ್ಬರ ಕಣ್ಣೆದುರೇ ಇರತ್ತೆ. ಅಲ್ಲಿಂದ ಮುಂದೆ ಗೆದ್ದದ್ದು ಪೂರ್ತಿ ಅವರದ್ದೇ.

ನಮ್ಮ ಮಣೆ ಚಿಕ್ಕದು, ನಾಲ್ಕು ಕಲ್ಲಿನಿಂದ ಶುರು ಮಾಡಿದ್ವಿ. ಸತತ ಮೂರು ಆಟ ಗೆದ್ದರೆ ಒಂದು ಕಲ್ಲು ಕಡಿಮೆ ಅನ್ನೋ ಷರತ್ತು ಅವಳದ್ದೇ. ಈಗ ಎರಡಕ್ಕೆ ಇಳಿದಿದೆ. ಕಳೆದ ಭಾನುವಾರ ನಾನು ಸೋತು, "ದಾಳ ಎಲ್ಲಿಟ್ಟಿದೀಯಾ?" ಅಂತ ಕೇಳಿದೆ. ಕೊಡಲಿಲ್ಲ.