ಟಿಪ್ಪಣಿಯಲ್ಲಿ ಬರೆದಿಟ್ಟ ಭಯ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುವಾಗ ನನಗೆ ಇಷ್ಟು ಭಯವಿರಲಿಲ್ಲ. ಆಪರೇಷನ್, ಕಿಮೋ, ರೇಡಿಯೇಷನ್ ಎಂದು ಪ್ರತಿ ವಾರವೂ ಒಂದಲ್ಲ ಒಂದು ಕೆಲಸವಿತ್ತು. ಯಾರಾದರೊಬ್ಬರು ನನ್ನನ್ನು ನೋಡುತ್ತಿದ್ದರು. ಭಯ ಶುರುವಾದದ್ದು ಎಲ್ಲ ಮುಗಿದ ಮೇಲೆ. ಇಂಗ್ಲೆಂಡಿನ ಆಸ್ಪತ್ರೆಯವರು ಟ್ಯಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟು, ವರ್ಷಕ್ಕೊಂದು ಮ್ಯಾಮೊಗ್ರಾಮ್ ಎಂದು ಹೇಳಿ, ನರ್ಸ್‌ ಒಬ್ಬರ ಫೋನ್ ನಂಬರ್ ಕೈಗಿತ್ತು ಮನೆಗೆ ಕಳಿಸಿದರು.

ನಾನು ಸಿ.ಎ. ಓದಿದವಳು. ವರ್ಷ ಮುಗಿದರೆ ಆಡಿಟ್ ಆಗಬೇಕು, ಕೆಳಗೆ ಸಹಿ ಬೀಳಬೇಕು. ಆರು ತಿಂಗಳಿಗೊಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿ, ಎಲ್ಲೂ ಹರಡಿಲ್ಲ ಎಂದು ಬರೆದುಕೊಡಿ ಎಂದು ಕೇಳಿದೆ. ಡಾಕ್ಟರ್ ಒಪ್ಪಲಿಲ್ಲ. ಲಕ್ಷಣಗಳಿಲ್ಲದವರಿಗೆ ಹಾಗೆ ಮಾಡುವುದಿಲ್ಲ. ಇಟಲಿಯ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 1994ರಲ್ಲೇ ಪ್ರಕಟವಾಗಿದೆ: ಮೇಲಿಂದ ಮೇಲೆ ಎಕ್ಸ್‌ರೇ, ಬೋನ್ ಸ್ಕ್ಯಾನ್ ಮಾಡಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ.

ದಾವಣಗೆರೆಯ ಅಕ್ಕನಿಗೆ ಇದು ಸರಿಬರಲಿಲ್ಲ. “ಅವರು ದುಡ್ಡು ಉಳಿಸ್ತಾರೆ ಕಣೇ. ಬೆಂಗಳೂರಿಗೆ ಬಾ, ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ, ಸಮಾಧಾನ ಆಗುತ್ತೆ” ಅಂದಳು. ನನಗೂ ಆಸೆಯೇ, ಟಿಕೆಟ್ ದರವನ್ನೂ ನೋಡಿದೆ. ಆದರೆ ಆ ಸಮಾಧಾನ ಎಷ್ಟು ದಿನ ಬಾಳೀತು? ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಆ ಒಂದು ದಿನದ್ದು. ಏಪ್ರಿಲ್‌ನಲ್ಲಿ ಏನಾಗುತ್ತದೆಂದು ಅದು ಹೇಳುವುದಿಲ್ಲ.

ಜನವರಿ 31 ಇಲ್ಲಿ ಸ್ವಂತ ಉದ್ಯೋಗದವರು ತೆರಿಗೆ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಆ ತಿಂಗಳು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಸೊಂಟ ನೋವು. ಆದರೆ ಸ್ತನ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವುದು ಮೂಳೆಗೆ, ಇಲ್ಲವೇ ಶ್ವಾಸಕೋಶ, ಯಕೃತ್ತು, ಮಿದುಳಿಗೆ ಎಂದು ತಿಳಿದವಳಿಗೆ ಸೊಂಟ ನೋವು ಬರೀ ಸೊಂಟ ನೋವಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಮಗಳ ಓದು ಮುಗಿಯಲು ಇನ್ನೆಷ್ಟು ವರ್ಷ ಎಂದು ಎಣಿಸಿದೆ.

ಬೆಳಿಗ್ಗೆ ನರ್ಸ್‌ಗೆ ಫೋನ್ ಮಾಡಿದೆ. ನೋವು ಯಾವಾಗಿನಿಂದ, ಮಲಗಿದಾಗಲೂ ಇರುತ್ತದೆಯೇ, ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೇ ಎಂದು ಸಾವಧಾನವಾಗಿ ಕೇಳಿದರು. ಎರಡು ವಾರದಲ್ಲಿ ಹೋಗದಿದ್ದರೆ ಪರೀಕ್ಷೆ ಮಾಡೋಣ ಅಂದರು. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬಾರದು, ಅವತ್ತೇ ಬರಬೇಕು. ಒಂಬತ್ತನೆಯ ದಿನ ನೋವು ಹೋಯಿತು.

ಭಯ ಹೋಗಲಿಲ್ಲ. ನನ್ನದು ಹಾರ್ಮೋನ್‌ಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್. ಐದು ವರ್ಷ ದಾಟಿದ ಮೇಲೂ ಮರಳಬಹುದು. ಅದಕ್ಕೇ ಕೆಲವರಿಗೆ ಮಾತ್ರೆ 10 ವರ್ಷ. ನಮ್ಮ ಲೆಕ್ಕಶಾಸ್ತ್ರದಲ್ಲಿ ‘ಕಂಟಿಂಜೆಂಟ್ ಲಯಬಿಲಿಟಿ’ ಎಂಬುದೊಂದಿದೆ: ಬಂದರೂ ಬರಬಹುದು, ಬಾರದೆಯೂ ಇರಬಹುದಾದ ಹೊಣೆ. ಅದನ್ನು ಸಾಲವೆಂದು ಸೇರಿಸಿ ಇವತ್ತಿನ ಲಾಭವನ್ನು ಕಡಿಮೆ ಮಾಡುವಂತಿಲ್ಲ, ಮುಚ್ಚಿಡುವಂತೆಯೂ ಇಲ್ಲ. ಕೊನೆಯ ಟಿಪ್ಪಣಿಯಲ್ಲಿ ಬರೆದಿಡಬೇಕು, ಆಗಾಗ ತೆಗೆದು ನೋಡಬೇಕು.

ಹಾಗೇ ಮಾಡುತ್ತಿದ್ದೇನೆ. ಹೊಸ ನೋವು ಬಂದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಎರಡು ವಾರದೊಳಗೆ ಹೋದರೆ ಅಡ್ಡಗೆರೆ, ಹೋಗದಿದ್ದರೆ ಫೋನ್. ನಡುವಿನ ದಿನಗಳು ನನ್ನವು. ಮಗಳ ಜೊತೆ ಜಗಳವಾಡುವುದಕ್ಕೂ ಬೇಕಲ್ಲ!